ನೂರಹದಿನೆಂಟನೆಯ ಹೆಸರು

ಕೊಲ್ಲಿ ದೇಶದ ಅಲ್ ಕುಸೈಸಿನ ಶಾಲೆಯೊಂದರಲ್ಲಿ ನಾನು ಕೆಮಿಸ್ಟ್ರಿ ಟೀಚರ್. ಹೆರಿಗೆ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಮರಳಿದ್ದೆ. ಮನೆಯಲ್ಲಿ ಎತ್ತಿಕೊಳ್ಳಲು ಮಗುವಿರಲಿಲ್ಲ. ಒಂದು ವಾರವೂ ಬಾಳದೆ ಹೋಗಿಬಿಟ್ಟಿತ್ತು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವವರೆಗೆ ಹೆಸರು ಬಾಯಿಗೆ ಬರಕೂಡದು ಎಂದು ಮೈಸೂರಿನಿಂದ ಬಂದಿದ್ದ ಅತ್ತೆಯ ಕಟ್ಟಪ್ಪಣೆ. ಆಸ್ಪತ್ರೆಯವರು ಅದರ ಕೈಗೆ ಕಟ್ಟಿದ ಪಟ್ಟಿಯಲ್ಲಿ 'ಸುಮಿತ್ರಾಳ ಮಗು' ಎಂದಷ್ಟೇ ಇತ್ತು. ಹಾಗೆಯೇ ಮಣ್ಣಿಗೆ ಹೋಯಿತು.

ಅದು 2016ರ ಡಿಸೆಂಬರ್. ನಾಲ್ಕು ಹೊಸ ಧಾತುಗಳಿಗೆ ಆಗಷ್ಟೇ ಹೆಸರು ಸಿಕ್ಕಿತ್ತು. ತರಗತಿಯ ಗೋಡೆಯ ಆವರ್ತಕ ಕೋಷ್ಟಕದಲ್ಲಿ, ನೂರಹದಿನೆಂಟನೆಯ, ಅಂದರೆ ಕೊನೆಯ ಚೌಕದ ತಾತ್ಕಾಲಿಕ ಹೆಸರಿನ ಮೇಲೆ 'ಒಗನೆಸನ್' ಎಂಬ ಚೀಟಿ ಅಂಟಿಸಿದೆ. ಪ್ರಯೋಗಾಲಯದಲ್ಲಿ ಹುಟ್ಟಿಸಿದ ಅದರ ಪರಮಾಣುಗಳು ಬೆರಳೆಣಿಕೆಯಷ್ಟು; ಕಣ್ಣು ಮಿಟುಕಿಸುವುದರೊಳಗೆ ಅಳಿದುಹೋದವು ಎಂದೆ.

"ದೆನ್ ವೈ ನೇಮ್ ಇಟ್, ಮಿಸ್?" ಮುಂದಿನ ಬೆಂಚಿನ ಹುಮೈರ ಕೇಳಿದಳು.

"ಇತ್ತಲ್ಲ, ಅದಕ್ಕೆ!" ನನ್ನ ದನಿ ಏರಿತು. "ಒಂದಕ್ಕೆ ಇಟ್ಟ ಹೆಸರನ್ನ ಇನ್ನೊಂದಕ್ಕೆ ಇಡೋ ಹಾಗೂ ಇಲ್ಲ."

ಸಂಜೆ ಅತ್ತೆ ಪಕ್ಕದಲ್ಲಿ ಕೂತು ನನ್ನ ತಲೆ ಸವರಿದರು. "ಹಿತಾ ಅಂತ ಆರಿಸಿದ ಹೆಸರು ಹಾಗೇ ಉಳಿದಿದೆಯಲ್ಲಮ್ಮ. ಮುಂದಿನ ಮಗುಗೆ ಇಟ್ರಾಯ್ತು."

ಗಂಡ ಗುರುದತ್ತ ಹೌದೆಂದು ತಲೆಯಾಡಿಸಿದ.

"ಉಳಿದಿಲ್ಲ ಅತ್ತೆ. ಹುಟ್ಟಿದ ದಿನದಿಂದ ಅವಳ ಕಿವಿಯಲ್ಲಿ ಅದೇ ಹೆಸರು ಹಿಡಿದು ಕರೀತಿದ್ದೆ."

ತಲೆಯ ಮೇಲಿದ್ದ ಕೈ ಸರಿಯಿತು.

"ಅದಕ್ಕೇ ಹೋಯ್ತು," ಎಂದರು ಅತ್ತೆ.

ಗುರುದತ್ತ ಈಗಲೂ ತಲೆಯಾಡಿಸುತ್ತಲೇ ಇದ್ದ.