ಮೂಲ ಗಾಯಕರಲ್ಲ

ಮಗಳು ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತೂರಿಸಿ, ಹೊರಗೆ ಜೋತುಬಿದ್ದಿದ್ದ ಟೇಪನ್ನು ಮೆಲ್ಲಗೆ ಸುತ್ತುತ್ತಿದ್ದಳು. ಪಕ್ಕದ ಕೋಣೆಯಲ್ಲಿ ತಾಯಿಯ ಹೆಣವಿತ್ತು. ಗಾಡಿ ಬರಲು ಇನ್ನು ಅರ್ಧ ಗಂಟೆ.

“ಈ ಹೊತ್ತಲ್ಲಿ ಇದೇನೇ ನಿಂದು?” ಚಿಕ್ಕಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

“ಕಳಿಸೋಕ್ ಮುಂಚೆ ಅಮ್ಮನ ದನಿ ಒಂದ್ಸಲ ಕೇಳ್ಬೇಕು, ಚಿಕ್ಕಮ್ಮಾ.”

ಗಂಟಲಿನ ಆಪರೇಷನ್ ಆದಮೇಲೆ ಮೂರು ವರ್ಷ ತಾಯಿ ಚೀಟಿ ಬರೆದೇ ಮಾತಾಡಿದ್ದಳು. ದನಿ ಹೇಗಿತ್ತೆಂಬುದು ಮಗಳಿಗೆ ಮರೆತುಹೋಗತೊಡಗಿತ್ತು.

ಬೆಳಗಿನಿಂದ ಹನ್ನೊಂದು ಕ್ಯಾಸೆಟ್ ಹಾಕಿ ನೋಡಿದ್ದಳು. ಎಲ್ಲವೂ ಆ ಕಾಲದ ಹಿಟ್ ಸಿನಿಮಾ ಹಾಡುಗಳ ಅಗ್ಗದ ನಕಲುಗಳು. ಮುಖಪುಟದ ಮೇಲೆ ಯಾರೋ ನಗುವ ಹುಡುಗಿ, ಕೆಳಗೆ ಇರುವೆಯಂಥ ಅಕ್ಷರದಲ್ಲಿ ‘ಮೂಲ ಗಾಯಕರಲ್ಲ’. ಹಾಡಿದ್ದು ತಾಯಿ. ಕೇಳಿಸಿದ್ದು ಹೆಸರಾಂತ ಗಾಯಕಿಯರ ದನಿ.

“ನಿಮ್ಮಮ್ಮ ಒಬ್ಳೇ ಹತ್ತು ಜನ,” ಎಂದ ಮೂಲೆಯಲ್ಲಿದ್ದ, ಅವನ್ನೆಲ್ಲ ರೆಕಾರ್ಡ್ ಮಾಡಿದ್ದ ಮುದಿ ರೆಕಾರ್ಡಿಸ್ಟ್. “ಒಂದ್ ಮದುವೇಲಿ ಅವಳ ಕ್ಯಾಸೆಟ್ಟೇ ಹಾಕಿದ್ರು. ಪಕ್ಕದಲ್ ಊಟಕ್ಕೆ ಕೂತೋರು, ಆಹಾ, ಏನ್ ಕಂಠ ನೋಡಮ್ಮಾ ಅಂತ ಅವಳಿಗೇ ಹೇಳಿದ್ರಂತೆ!”

ಅವನೊಬ್ಬನೇ ನಕ್ಕ.

*

ಆಗ ಸ್ಟುಡಿಯೋ ಎಂದರೆ ಗೋಡೆಗಳಿಗೆ ಹಳೆ ಹಾಸಿಗೆ ಕಟ್ಟಿದ ಗೋದಾಮು. ದಿನಕ್ಕೆ ಹನ್ನೆರಡು ಹಾಡು. ಏಳು ವರ್ಷದ ಮಗಳು ಕೆಮ್ಮು ಬಂದರೆ ಬಾಯಿಗೆ ಅಂಗೈ ಒತ್ತಿಕೊಳ್ಳಬೇಕಿತ್ತು. ತಾಯಿ ಮೈಮರೆತು ಹಾಡಿದಾಗಲೆಲ್ಲ ರೆಕಾರ್ಡಿಸ್ಟ್ ಆಚೆಯಿಂದ ಗಾಜು ಕುಟ್ಟುತ್ತಿದ್ದ.

“ಇದು ನೀನು ಕಣಮ್ಮ. ನಿನ್ನನ್ನ ಯಾರ್ ಕೊಳ್ತಾರೆ? ಅವಳ ಥರ ಹಾಡು.”

ತಾಯಿ ಕದ್ದು ಸಿಕ್ಕಿಬಿದ್ದವಳಂತೆ ತಲೆಯಾಡಿಸಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

*

“ತಪ್ಪಿ ಹಾಡಿದ್ದನ್ನ ಏನ್ ಮಾಡ್ತಿದ್ರಿ ಮಾಮ?”

“ಅದರ ಮೇಲೇ ಮತ್ತೆ ಹಾಡಿಸ್ತಿದ್ದೆ. ಅಳಿಸಿ ಹೋಗೋದು.” ಮುದುಕ ಕಾಲ್ಬೆರಳು ನೋಡಿಕೊಂಡ. “ಒಂದ್ಸಲ ಮಾತ್ರ ಹೊತ್ತಾಯ್ತು ಅಂತ ಅಳಿಸ್ದೆ ಬಿಟ್ಬಿಟ್ಟೆ. ಆ ಟೇಪು ನಿಮ್ಮಮ್ಮನೇ ಕೇಳಿ ಇಸ್ಕೊಂಡ್ಳು. ಅದರ ಮೇಲೆ ಏನೂ ಬರ್ದಿರ್ಲಿಲ್ಲ.”

ಮಗಳು ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದಳು. ಏನೂ ಬರೆದಿರಲಿಲ್ಲ.

ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದಳು. ತುಸು ಒರಟಾದ, ಮನೆಯೊಳಗಿನ ದನಿಯೊಂದು ಹಾಡತೊಡಗಿತು. ಚಿಕ್ಕಮ್ಮ ಹೊಸ್ತಿಲ ಮೇಲೆ ಕೂತಳು. ಬೀದಿಯಲ್ಲಿ ಗಾಡಿ ಬಂದು ನಿಂತ ಸದ್ದಾಯಿತು, ಯಾರೂ ಏಳಲಿಲ್ಲ.

ಹಾಡಿನ ನಡುವೆ ಗಾಜು ಕುಟ್ಟಿದ ಶಬ್ದ. ದನಿ ನಿಂತಿತು. ಮುದುಕ ಮುಖ ಮುಚ್ಚಿಕೊಂಡ. ಟೇಪು ಸುಯ್ಯೆನ್ನುತ್ತ ತಿರುಗಿತು.

“ಬೈಬೇಡಿ ಅಣ್ಣಾ, ನನ್ ಥರಾನೇ ಬಂದ್ಬಿಡ್ತು. ಇನ್ನೊಂದ್ಸಲ ಹಾಡ್ಲಾ?”