ಬಟನ್ ಫೋನು ಹಿಡಿದ ಬ್ರೇಕಕ್ಕ

ಊಟದ ತಟ್ಟೆಯ ಪಕ್ಕ ಒಂದು, ದಿಂಬಿನ ಕೆಳಗೆ ಒಂದು, ಗೋಡೆಯ ಚಾರ್ಜರಿಗೆ ಜೋತುಬಿದ್ದದ್ದು ಇನ್ನೊಂದು. ಇವತ್ತು ಯಾರ ಮನೆಗೆ ಹೋದರೂ ಮನುಷ್ಯರಿಗಿಂತ ಮೊದಲು ಕಣ್ಣಿಗೆ ಬೀಳುವುದು ಮೊಬೈಲುಗಳೇ. ಬ್ರೇಕಕ್ಕನ ಮನೆಯೂ ಹಾಗೇ ಇತ್ತು.

ಬ್ರೇಕಕ್ಕ ಅಂದರೆ ನಮ್ಮ ಬೀದಿಯ ಡ್ರೈವಿಂಗ್ ಸ್ಕೂಲಿನ ಟೀಚರು. ಕಾರು ಕಲಿಸುವ ಗಾಡಿಯಲ್ಲಿ ಟೀಚರ್ ಕೂರುವ ಕಡೆಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಡಬಡಾಯಿಸಿದರೆ ಟೀಚರು ತಕ್ಷಣ ಅದನ್ನು ಒತ್ತಬೇಕು. ಹನ್ನೊಂದು ವರ್ಷ ಅವಳು ಗಾಡಿಗೆ ಒಂದು ಗೀರೂ ಬೀಳದ ಹಾಗೆ ನೋಡಿಕೊಂಡಿದ್ದಳು. ಹೆಸರು ಬಂದದ್ದು ಹಾಗೆ.

ಆದರೆ ಎರಡು ವರ್ಷದಿಂದ ಅವಳ ತೊಡೆಯ ಮೇಲೆ ದೊಡ್ಡ ಸ್ಮಾರ್ಟ್‌ಫೋನೊಂದು ಬಂದು ಕೂತಿತ್ತು. ಬಾಯಿ “ಕ್ಲಚ್ ಒತ್ತಿ, ಗೇರ್ ಹಾಕಿ” ಅನ್ನುತ್ತಿತ್ತು. ಕಣ್ಣು ಯಾರೋ ಹಾಕಿದ ವಿಡಿಯೋದಲ್ಲಿ ಇರುತ್ತಿತ್ತು.

ಒಂದು ದಿನ ಬೆಳಿಗ್ಗೆ ಸ್ಟೀರಿಂಗ್ ಹಿಡಿದಿದ್ದವರು ಆಸ್ಪತ್ರೆಯ ನರ್ಸಮ್ಮ. ಐವತ್ತೆರಡು ವರ್ಷ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಬೇಕು, ಅದಕ್ಕೆ ಕಾರು ಕಲಿಯಲೇಬೇಕು ಅಂತ ಹಟ ಹಿಡಿದು ಬಂದವರು. ಬೇಕರಿ ತಿರುವಿನಲ್ಲಿ ಮುಂದೆ ಮೊಟ್ಟೆ ಮಾರುವವನ ಸೈಕಲ್ಲು ಹೋಗುತ್ತಿತ್ತು. ಅಷ್ಟರಲ್ಲಿ ಬ್ರೇಕಕ್ಕನ ಫೋನು ಟಿಂಗ್ ಅಂದಿತು. ಅವಳು ತಲೆ ಬಗ್ಗಿಸಿದಳು. ಗಾಬರಿಯಲ್ಲಿ ನರ್ಸಮ್ಮನ ಕಾಲು ಆಕ್ಸಿಲರೇಟರ್ ಮೇಲೆ ಬಿತ್ತು.

ಬ್ರೇಕಕ್ಕ ತಲೆ ಎತ್ತುವಾಗ ಸೈಕಲ್ಲು ಎದುರಿಗೇ ಇತ್ತು. ಬ್ರೇಕ್ ಹುಡುಕಿದರೆ ಕಾಲೇ ಕೆಳಗಿಲ್ಲ. ಅದು ಸೀಟಿನ ಮೇಲೆ ಮಡಚಿಕೊಂಡು ಆರಾಮಾಗಿ ಕೂತಿತ್ತು. ಕೊನೆಗೆ ಬ್ರೇಕ್ ಒತ್ತಿದವರು ನರ್ಸಮ್ಮನೇ. ಕಾರು ಸೈಕಲ್ಲಿನ ಹಿಂದಿನ ಚಕ್ರಕ್ಕೆ ಮೂಗು ತಾಗಿಸಿ ನಿಂತಿತು. ಮೊಟ್ಟೆಗಳೆಲ್ಲ ರಸ್ತೆ ಪಾಲಾದವು. ಮೊಟ್ಟೆಯವನು ಅವುಗಳ ನಡುವೆ ಕೂತು ತನ್ನ ಎರಡೂ ಮೊಣಕಾಲು ಮುಟ್ಟಿ ನೋಡಿಕೊಂಡ. ತರಚಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ.

ಅವನ ಗಾಯ ತೊಳೆದು, ಕ್ಷಮೆ ಕೇಳಿ, ಅವನನ್ನು ಮನೆಗೆ ಬಿಟ್ಟು ಬಂದ ಮೇಲೆ ಇಬ್ಬರೂ ಕಾರಿನಲ್ಲೇ ಕೂತರು.

“ಒಂದೇ ಒಂದು ಮೆಸೇಜ್ ನೋಡಿದ್ದು ಸಿಸ್ಟರ್.”

“ಒಂದಲ್ಲ ಮೇಡಂ, ಹದಿನಾಲ್ಕನೇದು” ಅಂದರು ನರ್ಸಮ್ಮ. “ಕ್ಲಾಸ್ ಶುರುವಾದಾಗಿಂದ ಎಣಿಸ್ತಾ ಇದ್ದೀನಿ. ನೀವು ಆ ಕಡೆ ನೋಡಿದಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು.”

ಇನ್ನು ಮೇಲೆ ಸೌಂಡ್ ಬಂದ್ ಮಾಡಿ ಇಡುತ್ತೇನೆ ಅಂದಳು ಬ್ರೇಕಕ್ಕ. ನರ್ಸಮ್ಮ ನಕ್ಕರು. ಅವರೂ ಅದನ್ನೆಲ್ಲ ಮಾಡಿ ನೋಡಿದ್ದರು. ಸೌಂಡ್ ಇಲ್ಲದಿದ್ದರೂ ಕೈ ತಾನೇ ತಾನಾಗಿ ಫೋನಿನತ್ತ ಹೋಗುತ್ತದೆ. ಒಂದು ದಿನ ಅವರು ಒಂದೇ ಮಗುವಿನ ತೂಕ ಎರಡು ಸಲ ನೋಡಿ, ಎರಡು ಸಲವೂ ಬರೆಯಲು ಮರೆತಿದ್ದರಂತೆ. ಆ ವಾರವೇ ಫೋನು ಬದಲಾಯಿಸಿದರು. ಹಾಗಂತ ಜೇಬಿನಿಂದ ಪುಟ್ಟ ಬಟನ್ ಫೋನು ತೆಗೆದು ತೋರಿಸಿದರು. ಕರೆ ಬರುತ್ತದೆ, ಮೆಸೇಜು ಬರುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ. ನೋಡುತ್ತಾ ಕೂರುವುದಕ್ಕೆ ಮಾತ್ರ ಅದರಲ್ಲಿ ಏನೂ ಇಲ್ಲ.

“ಸ್ಮಾರ್ಟ್‌ಫೋನ್ ಎಸೀರಿ ಅಂತ ನಾನು ಹೇಳ್ತಿಲ್ಲ. ಅದು ಮನೇಲಿರಲಿ. ನಿಮ್ಮ ಜೊತೆ ಕೆಲಸಕ್ಕೆ ಬರೋದು ಬೇಡ, ಅಷ್ಟೇ.”

ತಾನೂ ಬಟನ್ ಫೋನು ಹಿಡಿಯುತ್ತೇನೆ ಅಂತ ಬ್ರೇಕಕ್ಕ ಮನೆಯಲ್ಲಿ ಹೇಳಿದಾಗ ಅವಳ ಗಂಡ ಹುಬ್ಬೇರಿಸಿದ. ಅವನು ಎಲೆಕ್ಟ್ರಿಷಿಯನ್ನು, ದಿನಕ್ಕೆ ಇಪ್ಪತ್ತು ವಿಡಿಯೋ ಹೆಂಡತಿಗೆ ಕಳಿಸುವುದು ಅವನ ಅಭ್ಯಾಸ. ಇನ್ನು ಅದನ್ನೆಲ್ಲ ಯಾರಿಗೆ ಕಳಿಸಲಿ ಅಂದ. ಅತ್ತೆಗೆ ಇದು ಒಂಚೂರೂ ಇಷ್ಟವಾಗಲಿಲ್ಲ. “ಕಾರು ಕಲಿಸೋಳ ಕೈಯಲ್ಲಿ ಡಬ್ಬಾ ಫೋನಾ? ನೋಡಿದೋರು ಏನಂದಾರು?” ಅಂತ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಆದರೂ ಬ್ರೇಕಕ್ಕ ಹಿಂದೆ ಸರಿಯಲಿಲ್ಲ. ಬೇಕಾದ ನಂಬರುಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. “ತುರ್ತಿದ್ದರೆ ಕರೆ ಮಾಡಿ, ಮೆಸೇಜು ಸಂಜೆ ನೋಡುತ್ತೇನೆ” ಅಂತ ಎಲ್ಲ ಗ್ರೂಪಿಗೂ ಹಾಕಿದಳು. ಸಿಮ್ಮನ್ನು ಹೊಸ ಬಟನ್ ಫೋನಿಗೆ ಹಾಕಿ, ಸ್ಮಾರ್ಟ್‌ಫೋನನ್ನು ಮನೆಯ ವೈಫೈಗೆ ಜೋಡಿಸಿ ನಡುಮನೆಯ ಗೋಡೆಗೂಡಿನಲ್ಲಿಟ್ಟಳು. ಸಂಜೆ ಅರ್ಧ ಗಂಟೆ, ಅದೂ ಗೂಡಿನ ಮುಂದೆ ನಿಂತುಕೊಂಡೇ.

ಮೊದಲ ಮೂರು ದಿನ ಕಷ್ಟವಾಯಿತು. ಕೈ ಸುಮ್ಮನೆ ತೊಡೆ ತಡವುತ್ತಿತ್ತು. ಟಿಂಗ್ ಅನ್ನದಿದ್ದರೂ ಅಂದ ಹಾಗಾಗುತ್ತಿತ್ತು. ಬೇಜಾರು ತಡೆಯಲಾರದೆ ಬಟನ್ ಫೋನಿನಲ್ಲಿದ್ದ ಕ್ಯಾಲ್ಕುಲೇಟರ್ ಒತ್ತಿಕೊಂಡು ಕೂತದ್ದೂ ಉಂಟು.

ನಾಲ್ಕನೇ ದಿನ ಏನೋ ಬದಲಾಯಿತು. ಇಂಜಿನ್ನಿನ ಸದ್ದಿನಲ್ಲೇ ಗೇರು ತಪ್ಪಿದ್ದು ಗೊತ್ತಾಗತೊಡಗಿತು. ನರ್ಸಮ್ಮ ತಿರುವು ಬಂದಾಗ ಉಸಿರು ಹಿಡಿಯುತ್ತಾರೆ, ಉಸಿರು ಹಿಡಿದಾಗ ಕಾಲು ಬಿಗಿಯಾಗುತ್ತದೆ. ಇಷ್ಟು ವಾರ ಪಕ್ಕದಲ್ಲೇ ಕೂತಿದ್ದರೂ ಅದು ಬ್ರೇಕಕ್ಕನ ಕಣ್ಣಿಗೆ ಬಿದ್ದಿರಲಿಲ್ಲ. “ತಿರುವಲ್ಲಿ ಜೋರಾಗಿ ಒಂದು, ಎರಡು ಎಣಿಸಿ ಸಿಸ್ಟರ್” ಅಂದಳು. ನರ್ಸಮ್ಮ ಎಣಿಸಿದರು. ಕಾರು ಬೆಣ್ಣೆಯ ಹಾಗೆ ತಿರುಗಿತು. ಇಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ ಅದೇ ತಿರುವನ್ನು ಒಂಬತ್ತು ಸಲ ಸುತ್ತಿದರು. ಬೇಕರಿಯವನು ಹೊರಗೆ ಬಂದು, ದಾರಿ ತಪ್ಪಿತೇ ಅಂತ ಕೇಳಿದ.

ತಿಂಗಳಾಗುವಷ್ಟರಲ್ಲಿ ಲೈಸೆನ್ಸ್ ಪರೀಕ್ಷೆ ಬಂತು. ಬ್ರೇಕಕ್ಕ ಪರೀಕ್ಷೆಯ ಮೈದಾನದ ಬೇಲಿ ಹಿಡಿದು ನಿಂತಿದ್ದಳು. ದೂರದಿಂದಲೇ ನರ್ಸಮ್ಮನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಂದು, ಎರಡು. ಒಂದು, ಎರಡು. ಒಂದು ಕಂಬಕ್ಕೂ ತಾಗಿಸದೆ ಕಾರು ನಿಲ್ಲಿಸಿ, ಲೈಸೆನ್ಸ್ ಸಿಗುತ್ತದೆಂದು ಗೊತ್ತಾದಾಗ ನರ್ಸಮ್ಮ ಓಡಿ ಬಂದು ಬ್ರೇಕಕ್ಕನನ್ನು ಅಪ್ಪಿಕೊಂಡರು. ಮರುದಿನವೇ ಹೊಸಬರು ನಾಲ್ಕು ಜನ ಸ್ಕೂಲಿನ ಬಾಗಿಲಲ್ಲಿ ನಿಂತಿದ್ದರು, ಎಲ್ಲರೂ ಆಸ್ಪತ್ರೆಯವರೇ.

ಪರೀಕ್ಷೆಯ ದಿನದ ಸಂಜೆಯೇ ಮನೆಯಲ್ಲಿ ಬ್ರೇಕಕ್ಕ ಕೈ ಬೀಸಿ ಬೀಸಿ ಆ ಕಥೆ ಹೇಳಿದಳು. ಗಂಡ ತನ್ನ ಫೋನನ್ನೂ ಗೂಡಿನಲ್ಲಿಟ್ಟು ಬಂದು ಕೂತು ಕೇಳಿದ. ತನಗೂ ಕೆಲಸದ ಹೊತ್ತಿಗೆ ಅಂಥದ್ದೇ ಒಂದು ಫೋನು ತಂದುಕೊಡು ಅಂದ. ಏಣಿ ಮೇಲಿರುವಾಗ ಟಿಂಗ್ ಅಂದರೆ ತನ್ನ ಎದೆಯೂ ಧಸಕ್ಕೆನ್ನುತ್ತದೆ ಅಂತ ಮೊದಲ ಸಲ ಬಾಯಿಬಿಟ್ಟ. ಅತ್ತೆ ಮಾತ್ರ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು.

“ಏನತ್ತೆ?” ಅಂದಳು ಬ್ರೇಕಕ್ಕ.

“ನಂಗೂ ಕಾರು ಕಲಿಸ್ತೀಯಾ?”

ಅರವತ್ತಮೂರು ವರ್ಷದ ಅತ್ತೆ. ಬ್ರೇಕಕ್ಕನಿಗೆ ನಗು ಬಂತು, ಸಂತೋಷವೂ ಆಯಿತು. ಇಷ್ಟು ದಿನ ಯಾಕೆ ಕೇಳಲಿಲ್ಲ ಅಂದಳು.

“ಎರಡು ಸಲ ಕೇಳಿದ್ದೆ ಕಣೇ. ಎರಡು ಸಲವೂ ನೀನು ಫೋನ್ ನೋಡ್ತಾ ‘ಹೂಂ’ ಅಂದೆ. ಆಮೇಲೆ ನಾನೇ ಸುಮ್ಮನಾದೆ.”

ಬ್ರೇಕಕ್ಕ ಎದ್ದು ಹೋಗಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ನಾಳೆ ಬೆಳಿಗ್ಗೆ ಆರೂವರೆಗೆ, ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ ಅಂದಳು.

ಓದುವವರೇ, ಕೇಳುವವರೇ, ಫೋನು ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಆದರೆ ಕೆಲಸದಲ್ಲಿರುವಾಗ, ರಸ್ತೆಯಲ್ಲಿರುವಾಗ ಕರೆಗೆ ಒಂದು ಬಟನ್ ಫೋನು ಸಾಕು. ದೊಡ್ಡದಕ್ಕೆ ಮನೆಯಲ್ಲೇ ಒಂದು ಜಾಗ ಮಾಡಿ, ಅಲ್ಲೇ ಬಿಡಿ. ಬರೀ ಒಂದು ವಾರ ಮಾಡಿ ನೋಡಿ. ಮೊದಲ ಮೂರು ದಿನಕ್ಕೆ ಸೋಲಬೇಡಿ. ಇವತ್ತೇ ನಿಮ್ಮ ಮನೆಯವರ ಎದುರು ಖಾಲಿ ಕೈಯಲ್ಲಿ ಕೂತು, “ನನ್ನ ಹತ್ತಿರ ಏನಾದರೂ ಕೇಳಿ ಸುಮ್ಮನಾಗಿದ್ದೀರಾ?” ಅಂತ ವಿಚಾರಿಸಿ. ಉತ್ತರ ಬರುವವರೆಗೂ ಏಳಬೇಡಿ.