ಶೂ ಅಂಗಡಿಯಲ್ಲೊಂದು ಮನೆ

ಇಪ್ಪತ್ತೊಂಬತ್ತು ವರ್ಷ ಯಾವ ಅಂಗಡಿಯಲ್ಲಿ ಮಂಡಿಯೂರಿ ಕೂತು ಮಾರ್ಲಿಸ್ ಊರವರ ಕಾಲಿಗೆಲ್ಲ ಶೂ ತೊಡಿಸಿದ್ದಳೋ, ಅದೇ ಅಂಗಡಿ ಈಗ ಅವಳ ಮನೆ. ಅಂಗಡಿಯಿದ್ದ ಮಾಲ್ ಮುಚ್ಚಿ ಆರು ವರ್ಷ ಹಾಳು ಸುರಿಯುತ್ತಿತ್ತು. ಆಮೇಲೆ ಯಾರೋ ಪುಣ್ಯಾತ್ಮರು ಅಂಗಡಿಗಳನ್ನೆಲ್ಲ ಮನೆ ಮಾಡಿ ಬಾಡಿಗೆಗೆ ಕೊಟ್ಟರು. ಮೊದಲ ಅರ್ಜಿ ಇವಳದೇ. ಶೂ ಡಬ್ಬಿ ಜೋಡಿಸುತ್ತಿದ್ದ ಉಗ್ರಾಣ ಮಲಗುವ ಕೋಣೆಯಾಯಿತು, ಗಲ್ಲಾ ಇದ್ದಲ್ಲಿ ಒಲೆ ಬಂತು. ಅಮೆರಿಕದ ಉತ್ತರದಂಚಿನ ಮಿನೆಸೋಟದ ಚಳಿಗೆ ಹೊರಗೆ ಮೂಗು ಉದುರಿಬೀಳುವಂತಿದ್ದರೂ ಇವಳು ಮನೆಯ ಚಪ್ಪಲಿಯಲ್ಲೇ ಹೋಗಿ ಮಾಲಿನೊಳಗೇ ಇರುವ ಅಂಚೆ ಡಬ್ಬಿಯಿಂದ ಕಾಗದ-ಪತ್ರ ತರುತ್ತಾಳೆ. ಜಂಬ ಪಡಬೇಡ ಅಂದರೆ ಹೇಗೆ?

ಅಕ್ಕ ಆರ್ಡಿತ್ ಮಾತ್ರ ಇದನ್ನು ಮನೆ ಅನ್ನಲೊಲ್ಲಳು. ತಂಗಿಯನ್ನು ತನ್ನ ಜೊತೆ ಇರಲು ಕರೆದುಕೊಂಡು ಹೋಗಲೆಂದೇ ಬಿಸಿಲಿನ ಅರಿಝೋನಾದಿಂದ ಬಂದು ನಾಲ್ಕು ದಿನವಾಗಿತ್ತು. "ನಿನ್ನ ಅಂಗಡೀಲಿ ಸಕ್ಕರೆ ಎಲ್ಲಿದ್ಯೇ?" "ನಿನ್ನ ಅಂಗಡೀಲಿ ನನಗೆ ನಿದ್ದೆ ಹತ್ತಲ್ಲ." ಪ್ರತಿ ಸಲವೂ ಮಾರ್ಲಿಸಳ ಮೈ ಉರಿಯುತ್ತಿತ್ತು. ಆದರೆ ಬಾಯಿಬಿಟ್ಟು ಜಗಳ ಕಾಯುವ ಜಾಯಮಾನ ಆ ಊರಿನವರದಲ್ಲ. ಇನ್ನೊಂದು ತುಂಡು ಕೇಕ್ ಮುಂದಿಡುತ್ತಿದ್ದಳು. ಅಕ್ಕನ ಬಾಯಲ್ಲಿ ಒಂದೇ ಒಂದು ಸಲ 'ಮನೆ' ಅಂತ ಬಂದಿದ್ದರೆ ಅವಳಿಗೆ ಸಾಕಿತ್ತು.

ಐದನೆಯ ದಿನ ಬೆಳಿಗ್ಗೆ ಏಳಕ್ಕೆ ನಡಿಗೆಯವರು ಬಂದರು. ಚಳಿಗಾಲದಲ್ಲಿ ಊರಿನ ಹಿರಿಯರು ಮಾಲಿನೊಳಗೇ ಸುತ್ತು ಹಾಕುವುದು ಹಿಂದಿನಿಂದಲೂ ಇತ್ತು. ಅಂಗಡಿಗಳು ಹೋದರೂ ಆ ರೂಢಿ ಹೋಗಲಿಲ್ಲ.

"ಒಂದು ಸುತ್ತು ಬನ್ನಿ ಆರ್ಡಿತ್!" ಎಂದ ಮುದುಕ ಓರ್ವಲ್, ಬಾಗಿಲಲ್ಲೇ ನಿಂತು.

ಆರ್ಡಿತ್ ಎದ್ದವಳೇ ಕುಂಟಿದಳು.

"ಕೂತ್ಕೋ ಅಕ್ಕ," ಎಂದಳು ಮಾರ್ಲಿಸ್.

"ಏನಿಲ್ಲ ಕಣೆ, ವಯಸ್ಸಾಯ್ತಲ್ಲ."

"ವಯಸ್ಸಲ್ಲ, ಶೂ. ಎಲ್ಲಿ, ಕಾಲು ಕೊಡು."

ಕಪಾಟಿನಿಂದ ಪಾದ ಅಳೆಯುವ ಹಳೆಯ ಲೋಹದ ಪಟ್ಟಿ ತೆಗೆದು, ಮಂಡಿ ಲಟಕ್ಕೆಂದರೂ ಲೆಕ್ಕಿಸದೆ ಅದೇ ಹಳೆಯ ಜಾಗದಲ್ಲಿ ಕೂತಳು.

"ನೋಡು, ಎಂಟೂವರೆ! ಏಳೂವರೆ ಹಾಕ್ಕೊಂಡು ಒದ್ದಾಡ್ತಿದ್ದೀಯ."

"ಮದುವೆ ದಿನದಿಂದ ನಂದು ಏಳೂವರೇನೇ!"

"ಮದುವೆಯಾಗಿ ಐವತ್ತೊಂದು ವರ್ಷ ಆಯ್ತು. ಭಾವನ ಹೊಟ್ಟೆ ಅವತ್ತಿನಷ್ಟೇ ಇದ್ಯಾ?"

ನಡಿಗೆಯವರು ಗೊಳ್ಳೆಂದರು. ಓರ್ವಲ್ ಮಾತ್ರ ನಗಲಿಲ್ಲ. "ನನ್ನ ಹೆಂಡ್ತಿಗೂ ಮಾರ್ಲಿಸ್ ಇದೇ ಜಾಗದಲ್ಲಿ ಹಿಂಗೇ ಬೈದು ಸರಿಯಾದ ಶೂ ಹಾಕ್ಸಿದ್ರು. ಸಾಯೋವರೆಗೂ ನೆನೆಸ್ಕೊಳ್ತಿದ್ಲು," ಎಂದ.

ಆರ್ಡಿತ್ ತಂಗಿಯ ಮುಖವನ್ನೇ ನೋಡಿದಳು. ಮಾರ್ಲಿಸ್ ತನ್ನದೇ ಎಂಟೂವರೆಯ ಶೂ ಅಕ್ಕನಿಗೆ ತೊಡಿಸಿ ಲಾಡಿ ಕಟ್ಟಿದಳು.

ಒಂದು ಸುತ್ತಿಗೆಂದು ಹೊರಟ ಆರ್ಡಿತ್ ಮೂರು ಸುತ್ತು ಹಾಕಿದಳು. ಮೂರನೆಯದು ಮುಗಿಸಿ ಬರುವಾಗ, ಪಕ್ಕದ ಮನೆಗೆ ಸಾಮಾನು ಇಳಿಸುತ್ತಿದ್ದ ಹೊಸ ಬಾಡಿಗೆಯವಳು ಮಾತಾಡಿಸಿದಳು: "ನೀವು ಈ ಹಳೇ ಶೂ ಅಂಗಡೀಲಿ ಇರೋದಾ?"

"ಅಂಗಡಿ ಯಾವುದಮ್ಮಾ?" ಆರ್ಡಿತ್ ಗದರಿಯೇಬಿಟ್ಟಳು. "ಅದು ನನ್ನ ತಂಗಿ ಮನೆ."

ಒಳಗಿದ್ದ ಮಾರ್ಲಿಸಳಿಗೆ ಸ್ಪಷ್ಟವಾಗಿ ಕೇಳಿಸಿತು. ಹೆಮ್ಮೆಯಿಂದ ಎದೆ ಉಬ್ಬಿ, ಕಣ್ಣು ಮಂಜಾಯಿತು. ಕಾಫಿಗೆ ಇಟ್ಟಿದ್ದ ಕಪ್ಪುಗಳ ಜೊತೆ, ಹೊಸಬಳಿಗೆಂದು ಕಪಾಟಿನಿಂದ ಇನ್ನೊಂದನ್ನು ಇಳಿಸಿ ಇಟ್ಟಳು.